ಉಪವಾಸದ ಬಾಯಿ

ಸೃಷ್ಟಿಯ ಎಡಗಡೆಯ ಜಡೆ ಮುಗಿದಿತ್ತು, ಬಲಗಡೆಯದು ಅರ್ಧಕ್ಕೆ ಬಂದಿತ್ತು. ಬುಧವಾರದ ಬೆಳಗು, ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ವಿದ್ಯಾವತಿ ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಗಳ ಕೂದಲು ಹೆಣೆಯುತ್ತಿದ್ದಳು. ಬಲಜಡೆ ದಿನಾ ಎಡಜಡೆಗಿಂತ ಮೇಲೆ ಕೂಡುತ್ತದೆ ಎಂಬುದು ಸೃಷ್ಟಿಯ ತಕರಾರು. ನೀನು ಕುತ್ತಿಗೆ ವಾಲಿಸುತ್ತೀ, ಅದಕ್ಕೇ ಹಾಗಾಗುತ್ತದೆ ಎಂಬುದು ತಾಯಿಯ ಉತ್ತರ. ನಾಲ್ಕನೆಯ ತರಗತಿಗೆ ಬಂದಾಗಿನಿಂದ ಈ ಜಗಳ ಒಂದು ದಿನವೂ ತಪ್ಪಿರಲಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಗಂಡ ಅರುಣಕುಮಾರ ಆಗಲೇ ನಂದೂರಿನ ಬೇಳೆ ಮಿಲ್ಲಿಗೆ ಹೋಗಿದ್ದ.

ಆಗ ಫೋನ್ ಬಂತು. ಕಮಲಾಪುರದ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ದೌಲಪ್ಪನವರದು.

"ತಂಗೀ, ಗಾಬರಿ ಆಗಬ್ಯಾಡ" ಎಂದು ಅವರು ಶುರುಮಾಡಿದರು. ಹಾಗೆ ಶುರುವಾದ ಮಾತು ಒಳ್ಳೆಯದರಲ್ಲಿ ಮುಗಿದದ್ದನ್ನು ಯಾರೂ ಕಂಡಿಲ್ಲ.

ನಿನ್ನೆ ರಾತ್ರಿಯ ಊಟಕ್ಕೆ ರೊಟ್ಟಿ, ಮೊಸರು, ವಿದ್ಯಾವತಿಯ ಸಂಘದವರು ಮಾಡಿ ಕಳಿಸಿದ ಶೇಂಗಾ ಹಿಂಡಿ. ಮಲಗಿದ ಮೇಲೆ ಒಬ್ಬಳು ವಾಂತಿ ಮಾಡಿಕೊಂಡಳಂತೆ, ಅವಳ ಹಿಂದೆ ಇನ್ನೊಬ್ಬಳು. ಬೆಳಗಾಗುವುದರೊಳಗೆ ಒಂದು ಕೋಣೆಯ ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ಕುಳಿತರಂತೆ. ಈಗ ದವಾಖಾನೆಯಲ್ಲಿ ಸಲೈನು ಹಚ್ಚಿದ್ದಾರೆ, ಜೀವಕ್ಕೇನೂ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಉಳಿದ ಹಿಂಡಿಯ ಪಾಕೀಟುಗಳನ್ನು ಮುಟ್ಟಬೇಡಿ, ಪರೀಕ್ಷೆಗೆ ಒಯ್ಯುತ್ತೇವೆ ಎಂದು ಅಧಿಕಾರಿಗಳಿಂದ ಮಾತು ಬಂದಿದೆ.

ಆಮೇಲೆ ದೌಲಪ್ಪನವರು ಒಂದೊಂದಾಗಿ ಕೇಳಿದರು. ಶೇಂಗಾ ಯಾವ ಅಂಗಡಿಯದು, ಗಂಜಿನ ಪೇಟೆಯಿಂದ ಬರುವಾಗ ಮಳೆ ಹತ್ತಿತ್ತೆ, ಹುರಿದವರು ಯಾರು, ಮಷೀನು ತೊಳೆದಿದ್ದಿರೋ ಇಲ್ಲವೋ. ವಿದ್ಯಾವತಿ ಎಲ್ಲಕ್ಕೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಕೇಳಬೇಕಾಗಿದ್ದ ಒಂದು ಮಾತನ್ನು ಮಾತ್ರ ಅವರು ಕೇಳಲಿಲ್ಲ.

"ನೀ ಅಂತೂ ರುಚಿ ನೋಡೇ ಕಳಿಸಿರ್ತಿ, ಅದನ್ನ ಕೇಳಬೇಕಾಗಿಲ್ಲ ಬಿಡು" ಎಂದು ಫೋನ್ ಇಟ್ಟರು.

ರಿಬ್ಬನ್ನು ನೆಲಕ್ಕೆ ಬಿದ್ದಿತ್ತು. ಸೃಷ್ಟಿ ತಿರುಗಿ ನೋಡಿದಳು. ಯಾರಿಗೇನಾಗಿದೆ ಎಂದು ಕೇಳಿದಳು. ಕಮಲಾಪುರದ ಹಾಸ್ಟೆಲಿನ ಹುಡುಗಿಯರಿಗೆ ಮೈಗೆ ಹುಷಾರಿಲ್ಲ ಎಂದು ತಾಯಿ ಹೇಳಿದಳು. ಹುಡುಗಿಯ ಬಾಯಿ ಇನ್ನೊಂದು ಮಾತಿಗೆ ತೆರೆಯಿತು, ತಾಯಿಯ ಮುಖ ನೋಡಿ ಮುಚ್ಚಿತು. ಮಾತಿನ ಮಲ್ಲಿ ಎಂದು ಓಣಿಗೆಲ್ಲ ಹೆಸರಾದ ಹುಡುಗಿ ತಾನೇ ರಿಬ್ಬನ್ನು ಎತ್ತಿಕೊಂಡು, ಉಳಿದ ಕೂದಲನ್ನು ಹೇಗೋ ಕಟ್ಟಿಕೊಂಡಳು.

ಆವತ್ತು ಅವಳನ್ನು ಶಾಲೆಗೆ ಕಳಿಸಲು ಆಗಲಿಲ್ಲ. ಸಂಜೆ ಕರೆತರುವವರು ಯಾರೂ ಇರಲಿಲ್ಲ. ವಿದ್ಯಾವತಿ ಒಲೆ ಆರಿಸಿ, ಬ್ರೆಡ್ಡು, ಗ್ಲೂಕೋಸು ಚೀಲಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಳು.

ಕಲಬುರಗಿಯ ನೆಹರು ಗಂಜಿನ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಒಂದು ದೊಡ್ಡ ಕೋಣೆ ಇದೆ. ಆ ಓಣಿಯ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಅಲ್ಲಿ ಶೇಂಗಾ ಹಿಂಡಿ ಮಾಡುತ್ತಾರೆ. ಗಂಜಿನಿಂದ ಶೇಂಗಾ ಬರುತ್ತದೆ. ಅದನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಮೊರದಲ್ಲಿ ಕೇರಿ, ಕಾಳುಕಾಳು ನೋಡಿ ಹಸನು ಮಾಡುತ್ತಾರೆ: ಮುದುಡಿದ್ದು, ಕಪ್ಪಾದದ್ದು, ಬೂಸಲು ಹಿಡಿದದ್ದು ಹೊರಗೆ. ಹುರಿಯುವ ಕೆಲಸ ಮುನೀರಾಳದು. ಅವಳ ಕಡಾಯಿಯಲ್ಲಿ ಶೇಂಗಾ ಕರಕಾದದ್ದೂ ಇಲ್ಲ, ಹಸಿ ಉಳಿದದ್ದೂ ಇಲ್ಲ. ಸಿಪ್ಪೆ ತಿಕ್ಕಿ ತೆಗೆದು, ಬೆಳ್ಳುಳ್ಳಿ, ಜೀರಿಗೆ, ಕೆಂಪುಖಾರ, ಉಪ್ಪು ಕೂಡಿಸಿ ಮಷೀನಿಗೆ ಹಾಕಿದರೆ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ತಲೆಗೆ ಟೊಪ್ಪಿಗೆ, ಕೈಗೆ ಚೀಲ, ಪಾಕೀಟಿನ ಮೇಲೆ ಲೈಸನ್ಸು ನಂಬರು, ತಾರೀಖು, ಪ್ರತಿ ಸಲದ ಮಾಲಿನಿಂದ ಒಂದು ಪಾಕೀಟು ತೆಗೆದಿಡುವುದು, ಎಲ್ಲವನ್ನೂ ತರಬೇತಿಯಲ್ಲಿ ಕಲಿತು ಬಂದಿದ್ದರು.

ಎಲ್ಲ ಮುಗಿದ ಮೇಲೆ ಉಳಿಯುವುದು ನಾಲಿಗೆಯ ಕೆಲಸ. ಬೂಸಲು ಕೆಲವು ಸಲ ಹೊರಗೆ ಕಾಣುವುದಿಲ್ಲ, ಎರಡು ಬೇಳೆಗಳ ನಡುವೆ ಅಡಗಿ ಕುಳಿತಿರುತ್ತದೆ. ಹುರಿದರೆ ಅದರ ವಾಸನೆ ಹೋಗುತ್ತದೆ, ವಿಷ ಹೋಗುವುದಿಲ್ಲ. ಬೆಳ್ಳುಳ್ಳಿಯೂ ಖಾರವೂ ಉಳಿದದ್ದನ್ನು ಮುಚ್ಚಿಬಿಡುತ್ತವೆ. ನಾಲಿಗೆಗೆ ಎಲ್ಲವೂ ಸಿಗುತ್ತದೆ ಎಂದಲ್ಲ, ಆದರೆ ಕಹಿ ಹತ್ತಿದರೆ ಎರಡನೆಯ ಮಾತೇ ಇಲ್ಲ, ಆ ಮಾಲನ್ನೆಲ್ಲ ಚೆಲ್ಲಬೇಕು ಎಂದು ತರಬೇತಿಯಲ್ಲಿ ಒತ್ತಿ ಹೇಳಿದ್ದರು. ಆ ಕೆಲಸವನ್ನು ಎಲ್ಲರೂ ಕೂಡಿ ವಿದ್ಯಾವತಿಗೆ ಒಪ್ಪಿಸಿದ್ದರು. ಅವಳು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಮೊದಲು ಉಪ್ಪು, ಆಮೇಲೆ ಖಾರ, ಆಮೇಲೆ ಶೇಂಗಾದ ಎಣ್ಣೆ, ಎಲ್ಲ ಇಳಿದ ಮೇಲೆ ನಾಲಿಗೆಯ ಬುಡದಲ್ಲಿ ಏನು ಉಳಿಯುತ್ತದೆ ಎಂದು ಕಾಯುತ್ತಿದ್ದಳು. ಹಾಗೆ ಕಾದು ಒಮ್ಮೆ ಬುಟ್ಟಿಗಟ್ಟಲೆ ಹಿಂಡಿಯನ್ನು ತಿಪ್ಪೆಗೆ ಹಾಕಿಸಿದ್ದಳು. ಉಳಿದವರು ಮುಖ ಸಿಂಡರಿಸಿದರೂ ಸುದ್ದಿ ಊರೆಲ್ಲ ಆಯಿತು. ಕಮಲಾಪುರದ ಹಾಸ್ಟೆಲಿಗೆ ಹಿಂಡಿ ಕೊಡುವ ಕೆಲಸ ಇವರ ಕೈಗೆ ಬಂದದ್ದು ಆ ಸುದ್ದಿಯಿಂದಲೇ.

ಒಂದೇ ತೊಡಕು, ಶ್ರಾವಣದ ಸೋಮವಾರ. ಆ ದಿನ ವಿದ್ಯಾವತಿ ಸಂಜೆ ದೀಪ ಹಚ್ಚಿ ಪೂಜೆ ಮುಗಿಸುವ ತನಕ ಬಾಯಿಗೆ ಏನನ್ನೂ ಹಾಕುವುದಿಲ್ಲ. ಅದಕ್ಕೂ ಮುನೀರಾ ದಾರಿ ಮಾಡಿದ್ದಳು: "ನಿನ್ನ ಸೋಮವಾರ ನಾ ನೋಡ್ತೀನಿ, ನನ್ನ ರೋಜಾದಾಗ ನೀ ನೋಡು. ಅಲ್ಲಾನೂ ಶಿವನೂ ಕೂಡಿ ನಮಗ ಪಾಳಿ ಹಚ್ಯಾರ." ಮೂರು ಶ್ರಾವಣ, ಮೂರು ರಂಜಾನು ಹಾಗೆಯೇ ನಡೆದುಬಂದಿತ್ತು.

ಈ ಸೋಮವಾರ ನಡೆಯಲಿಲ್ಲ.

ಬಸ್ಸು ಊರು ದಾಟಿ ಹುಮನಾಬಾದ ರಸ್ತೆ ಹಿಡಿಯಿತು. ಎರಡೂ ಕಡೆ ತೊಗರಿಯ ಹೊಲ ನೀರು ಕುಡಿದು ಕಪ್ಪಾಗಿತ್ತು. ವಿದ್ಯಾವತಿ ಕಿಟಕಿಗೆ ತಲೆಯಾನಿಸಿದಳು. ಸೋಮವಾರ ಅವಳ ಮುಂದೆ ಬಂದು ಕುಳಿತಿತು.

ವಾರವೆಲ್ಲ ಬಿಸಿಲಿರಲಿಲ್ಲ. ಗಂಜಿನಿಂದ ಬಂದ ಚೀಲದ ಬುಡ ಒದ್ದೆಯಾಗಿತ್ತು. ಗಾಡಿಗೆ ಹೊದಿಸುವ ತಾಡಪತ್ರಿ ಹರಿದಿತ್ತು ಎಂದು ಗಾಡಿ ತಂದ ತನ್ವೀರ್ ತಾನಾಗಿಯೇ ಹೇಳಿದ್ದ. ವಾಪಸು ಕಳಿಸಬೇಕಿತ್ತು. ಆದರೆ ಹಾಸ್ಟೆಲಿಗೆ ಮಾತು ಕೊಟ್ಟಾಗಿತ್ತು. ಪಂಖದ ಕೆಳಗೆ ಹರವಿ ಆರಿಸಿದರು, ಮೇಲಿಂದ ಮೇಲೆ ಹಸನು ಮಾಡಿದರು. ಮುನೀರಾ ಹುರಿದು ಮುಗಿಸುವ ಹೊತ್ತಿಗೆ ಕಮಲಾಪುರದಿಂದ ಫೋನ್ ಬಂತು. ಅಲ್ಲಿಗೆ ಕೊಟ್ಟಿದ್ದ ಅವಳ ಮಗಳು ಹೀನಾಳಿಗೆ ಹೆರಿಗೆ ನೋವು ಎದ್ದಿತ್ತು. ಮುನೀರಾ ಕೈ ಒರೆಸಿಕೊಂಡು ಬುರ್ಖಾ ಏರಿಸಿದವಳು ಬಾಗಿಲಲ್ಲಿ ನಿಂತು, ರುಚಿ ನೋಡುವುದು ಉಳಿದಿದೆ, ಯಾರ ಬಾಯಿಗಾದರೂ ಹಾಕಿಸು ಎಂದು ಹೇಳಿಯೇ ಹೋದಳು. ನೀನು ನಡಿ, ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದಿದ್ದಳು ವಿದ್ಯಾವತಿ.

ಹಿಂಡಿ ಆಯಿತು. ಉಪವಾಸವಿದ್ದ ಉಳಿದ ಹೆಂಗಸರು ಪೂಜೆಗೆಂದು ಮನೆಗೆ ಹೋದರು. ಬಾಗಿಲಲ್ಲಿ ತನ್ವೀರನ ಗಾಡಿ ನಿಂತು ಗುರುಗುಟ್ಟುತ್ತಿತ್ತು, ಕತ್ತಲಾಗುವುದರೊಳಗೆ ಕಮಲಾಪುರ ಮುಟ್ಟಬೇಕು ಎಂದು ಅವನ ಅವಸರ. ತನ್ವೀರನಿಗೇ ಒಂದು ಚಿಟಿಕೆ ಕೊಡಬಹುದಿತ್ತು. ಆದರೆ ಸಂಘದ ನಾಲಿಗೆ ಎನಿಸಿಕೊಂಡವಳು ಗಾಡಿಯವನ ಮುಂದೆ ಕೈಚಾಚಿ, ಹೇಗಿದೆ ಹೇಳಪ್ಪಾ ಎಂದು ಕೇಳುವುದೆ? ಸೃಷ್ಟಿಗೆ ಕೊಡಬಹುದಿತ್ತು. ಅವಳೋ ಆವತ್ತು ಹಟ ಹಿಡಿದು ತಾಯಿಯ ಜೊತೆ ಮೊದಲ ಉಪವಾಸ ಮಾಡಿದ್ದಳು. ವಿದ್ಯಾವತಿ ಹಿಂಡಿಯನ್ನು ಮೂಗಿಗೆ ಹಿಡಿದಳು. ಬೆಳ್ಳುಳ್ಳಿ ಘಮ್ಮೆಂದಿತು. ಒಂದು ಚಿಟಿಕೆಯನ್ನು ಕಾಗದದಲ್ಲಿ ಕಟ್ಟಿ ಸೆರಗಿಗೆ ಗಂಟು ಹಾಕಿಕೊಂಡು, ಸಂಜೆ ನೋಡಿದರಾಯಿತು ಎಂದುಕೊಂಡು ಪಾಕೀಟುಗಳನ್ನು ಗಾಡಿಗೆ ಹಾಕಿಸಿದಳು.

ಇಲ್ಲಿಗೇ ನಿಂತಿದ್ದರೆ ಅದು ಅವಸರದ ತಪ್ಪು, ದೇವರೂ ಮನುಷ್ಯರೂ ಹೊಟ್ಟೆಗೆ ಹಾಕಿಕೊಳ್ಳುವಂಥದು. ಇಲ್ಲಿಗೆ ನಿಲ್ಲಲಿಲ್ಲ.

ದೀಪ ಹಚ್ಚಿ, ಪೂಜೆ ಮುಗಿಸಿ, ತಾಯಿ ಮಗಳು ಸಜ್ಜಕದ ತಟ್ಟೆ ಹಿಡಿದು ಕುಳಿತರು. ಸೃಷ್ಟಿ ಅಡವಿಯಿಂದ ಬಂದವಳ ಹಾಗೆ ಉಣ್ಣುತ್ತಿದ್ದಳು. ನೆನಪಾಗಿ ವಿದ್ಯಾವತಿ ಸೆರಗಿನ ಗಂಟು ಬಿಚ್ಚಿ ಹಿಂಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡಳು. ಉಪ್ಪು ಬಂತು, ಖಾರ ಬಂತು, ಎಣ್ಣೆ ಬಂತು. ಆಮೇಲೆ ನಾಲಿಗೆಯ ಬುಡದಲ್ಲಿ ಒಂದು ಕಹಿ ಎದ್ದು, ಅಂಟಿಕೊಂಡು ಕುಳಿತಿತು. ಅವಳು ಎದ್ದು ಬಚ್ಚಲಿಗೆ ಹೋಗಿ ಉಗುಳಿದಳು, ಬಾಯಿ ಮುಕ್ಕಳಿಸಿದಳು, ಮತ್ತೆ ಉಗುಳಿದಳು.

ಏನಾಯಿತವ್ವಾ ಎಂದು ಹುಡುಗಿ ಕೇಳಿದಳು.

"ಏನಿಲ್ಲ. ಉಪಾಸದ ಬಾಯಿ. ದಿನಪೂರ್ತಿ ಹಸದಿದ್ರ ಎಲ್ಲಾ ಕಹಿ ಹತ್ತತದ."

"ನಾನೂ ಉಪಾಸ ಇದ್ದೆ. ನನಗ ಸಜ್ಜಕ ಸಿಹಿನೇ ಹತ್ತಲಾಕತ್ಯಾದಲ್ಲ" ಎಂದಳು ಸೃಷ್ಟಿ.

ವಿದ್ಯಾವತಿ ನಕ್ಕು ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದ್ದಳು. ಉಪವಾಸದ ಬಾಯಿ ಎಂಬ ಮಾತನ್ನು ತಾನು ಮಗಳಿಗೆ ಹೇಳಿದೆನೋ ತನಗೇ ಹೇಳಿಕೊಂಡೆನೋ ಎಂಬುದು ಆಗ ಅವಳಿಗೂ ತಿಳಿದಿರಲಿಲ್ಲ.

ಮಂಗಳವಾರ ತಿಳಿಯಿತು. ಆವತ್ತು ಅವಳ ಬಾಯಿಗೆ ಚಹಾ ಸಿಹಿಯಾಗಿತ್ತು, ಪಲ್ಯ ರುಚಿಯಾಗಿತ್ತು, ಉಪವಾಸ ಎಂದೋ ಇಳಿದು ಹೋಗಿತ್ತು. ಕೋಣೆಯ ಕಪಾಟಿನಲ್ಲಿ ಸೋಮವಾರದ ಮಾಲಿನಿಂದ ತೆಗೆದಿಟ್ಟ ಪಾಕೀಟು ಇತ್ತು. ಹೋಗಿ ಅದರ ಬಾಯಿ ಕತ್ತರಿಸಿ ಇನ್ನೊಂದು ಚಿಟಿಕೆ ನೋಡಿದ್ದರೆ ಮುಗಿಯುತ್ತಿತ್ತು. ಅವಳು ಕಪಾಟಿನ ಮುಂದೆ ಎರಡು ಸಲ ಹೋಗಿ ನಿಂತಳು. ಎರಡನೆಯ ಸಲ ಆ ಪಾಕೀಟನ್ನು ಕೈಗೆ ತೆಗೆದುಕೊಂಡು, ಬೇರೆ ಪಾಕೀಟುಗಳ ಹಿಂದೆ ಸರಿಸಿಟ್ಟಳು. ತೆರೆದರೆ ಗೊತ್ತಾಗುತ್ತಿತ್ತು. ಗೊತ್ತಾದರೆ ಫೋನ್ ಮಾಡಬೇಕಾಗುತ್ತಿತ್ತು. ಫೋನ್ ಮಾಡಿದರೆ, ವಿದ್ಯಾವತಿ ರುಚಿ ನೋಡದೆ ಕಳಿಸಿದಳು ಎಂದು ತನ್ನ ಬಾಯಿಂದಲೇ ಹೇಳಬೇಕಾಗುತ್ತಿತ್ತು. ಹಾಸ್ಟೆಲಿನಲ್ಲಿ ಹಳೆಯ ಹಿಂಡಿ ಇನ್ನೂ ಇರಬಹುದು, ಹೊಸದನ್ನು ಅವರು ಇಷ್ಟರಲ್ಲಿ ಒಡೆಯಲಿಕ್ಕಿಲ್ಲ, ನಾಳೆ ಮಾಡಿದರಾಯಿತು ಎಂದುಕೊಂಡಳು. ಹಾಸ್ಟೆಲಿನವರು ಅದೇ ರಾತ್ರಿ ಒಡೆದರು.

ಬಸ್ಸು ಕಮಲಾಪುರ ಮುಟ್ಟಿದಾಗ ಮಳೆ ನಿಂತಿತ್ತು. ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಕಿಟಕಿಗೆ ಮುತ್ತಿದರು. ಎಂದಾದರೂ ಈ ದಾರಿಯಲ್ಲಿ ಬಂದರೆ ಸೃಷ್ಟಿ ಬಸ್ಸು ನಿಲ್ಲುವ ಮೊದಲೇ ಹಣ್ಣಿಗೆ ಗಂಟು ಬೀಳುತ್ತಿದ್ದಳು. ಇವತ್ತು ಬುಟ್ಟಿಯ ಕಡೆ ನೋಡಲೂ ಇಲ್ಲ. ದಾರಿಯುದ್ದಕ್ಕೂ ಅವಳು ತಾಯಿಯ ತೊಡೆಯ ಮೇಲೆ ಕೈ ಇಟ್ಟುಕೊಂಡು, ಆಗಾಗ ಮುಖವೆತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದ್ದಳು.

ದವಾಖಾನೆಯ ಉದ್ದನೆಯ ಕೋಣೆಯಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಹುಡುಗಿಯರು ಮಲಗಿದ್ದರು. ತುಟಿ ಒಣಗಿದ್ದವು, ಕಣ್ಣು ಒಳಗೆ ಹೋಗಿದ್ದವು, ಆದರೆ ಬಾಯಿ ಆಗಲೇ ನಡೆದಿದ್ದವು. ಯಾರು ಹೆಚ್ಚು ಸಲ ವಾಂತಿ ಮಾಡಿದರು ಎಂಬುದರ ಮೇಲೆ ಪಂದ್ಯ ಹತ್ತಿತ್ತು. ವಿದ್ಯಾವತಿ ಒಂದೊಂದೇ ಮಂಚದ ಹತ್ತಿರ ಹೋಗಿ ಹಣೆ ಮುಟ್ಟಿ ನೋಡಿದಳು. ಮಕ್ಕಳ ಹಣೆ ತಣ್ಣಗಿತ್ತು.

ಕೊನೆಯ ಮಂಚದ ಹುಡುಗಿ ಸಬಾ, ಸೃಷ್ಟಿಯ ಓರಗೆಯವಳು. ಎಲ್ಲರಿಗಿಂತ ಹೆಚ್ಚು ಬಳಲಿದವಳು ಇವಳೇ ಎಂದು ನರ್ಸು ಹೇಳಿದಳು. ಹಿಂಡಿ ಕಳಿಸುವ ಅಕ್ಕ ಇವರೇ ಎಂದು ಗೊತ್ತಾದಾಗ ಸಬಾ ನಾಚಿಕೊಂಡು ಎದ್ದು ಕೂಡಲು ನೋಡಿದಳು. ಇಂಥ ಹೊತ್ತಿನಲ್ಲೂ ಮಗು ಗೌರವ ತೋರಿಸುತ್ತಿರುವುದನ್ನು ನೋಡಲಾಗದೆ ವಿದ್ಯಾವತಿ ಅವಳ ಭುಜ ಹಿಡಿದು ಮಲಗಿಸಿದಳು. ಹಿಂಡಿ ತಿನ್ನುವಾಗ ಏನೂ ಗೊತ್ತಾಗಲಿಲ್ಲವೇ ಎಂದು ಕೇಳಿದಳು. ಕೇಳಬಾರದಿತ್ತು.

"ಮೊದಲನೇ ತುತ್ತಿಗೇ ಕಹಿ ಹತ್ತಿತ್ತುರಿ ಅಕ್ಕೋರ" ಎಂದಳು ಸಬಾ. "ನಾವು ತಾಟಿನ ಅಂಚಿಗೆ ಸರಿಸಿದ್ವಿ. ವಾರ್ಡನ್ ಸರ್ ಬಂದು, ಚೆಲ್ಲಬ್ಯಾಡ್ರಿ, ಕಲಬುರಗಿ ವಿದ್ಯಾವತಿ ಅಕ್ಕೋರು ಬಾಯಾಗ ಹಾಕಿಕೊಂಡು ನೋಡಲಾರದ ಒಂದು ಪಾಕೀಟೂ ಕಳಸೂದಿಲ್ಲ ಅಂದ್ರು. ಅದಕ್ಕ ಎಲ್ಲಾರೂ ಮೊಸರು ಕಲಿಸಿಕೊಂಡು ತಿಂದ್ವಿ."

ಹಿಂದೆ ನಿಂತಿದ್ದ ದೌಲಪ್ಪನವರು ಕೆಮ್ಮಿದರು. ಸೃಷ್ಟಿ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು ಸಬಾಳನ್ನೇ ನೋಡುತ್ತಿದ್ದಳು. ಆಮೇಲೆ ಚೀಲದಲ್ಲಿದ್ದ ಗ್ಲೂಕೋಸಿನ ಪಾಕೀಟನ್ನು ತೆಗೆದು ಅವಳ ದಿಂಬಿನ ಹತ್ತಿರ ಇಟ್ಟಳು.

ಹೊರಗಿನ ಪಡಸಾಲೆಯಲ್ಲಿ ದೌಲಪ್ಪನವರು ಬೆಳಗಿನ ಕಥೆಯನ್ನೆಲ್ಲ ಹೇಳಿದರು. ಅಧಿಕಾರಿಗಳು ಬಂದು ಪಾಕೀಟು ಒಯ್ದಿದ್ದರು. ನಾಳೆ ಕಲಬುರಗಿಗೂ ಬರುತ್ತಾರಂತೆ, ತೆಗೆದಿಟ್ಟ ಪಾಕೀಟು ಕೇಳುತ್ತಾರಂತೆ. ಅಂಗಡಿಯವರಿಗೆ ಫೋನ್ ಮಾಡಿದರೆ ಚೀಲ ಬಿಡುವಾಗ ಒಣಗಿತ್ತು, ಗಾಡಿಯವನನ್ನು ಕೇಳಿ ಎಂದರಂತೆ. ಗಾಡಿಯವನು, ತೊಯ್ದದ್ದನ್ನು ನಾನು ಬಾಯಿಬಿಟ್ಟು ಹೇಳಿದ್ದೇನೆ, ಇಳಿಸಿಕೊಂಡವರನ್ನು ಕೇಳಿ ಎಂದನಂತೆ. ಹಾಸ್ಟೆಲಿನ ಅಡಿಗೆಯವಳು, ನಾನು ಪಾಕೀಟಿನ ಬಾಯಿ ಕತ್ತರಿಸಿದ್ದು ಬಿಟ್ಟರೆ ಬೇರೇನನ್ನೂ ಮುಟ್ಟಿಲ್ಲ ಎಂದು ಬಸವಣ್ಣನ ಆಣೆ ಇಟ್ಟಳಂತೆ.

"ಒಬ್ಬರ ಹೆಗಲ ಮ್ಯಾಲಿಂದ ಇನ್ನೊಬ್ಬರ ಹೆಗಲಿಗೆ ಹೊಂಟದ ನೋಡು ತಂಗಿ, ಹೆಣ ಹೊತ್ತಂಗ. ನಿನ್ನ ಮ್ಯಾಲ ಮಾತ್ರ ಯಾರೂ ಬಟ್ಟು ತೋರಿಸಿಲ್ಲ" ಎಂದು ದೌಲಪ್ಪನವರು ಸಮಾಧಾನ ಮಾಡಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಯಾರೂ ಕಳ್ಳ ಎನ್ನದಿದ್ದರೆ ಆ ಕಾಯಿಯ ಬೂದಿ ಹೆಗಲ ಮೇಲೆ ಇನ್ನಷ್ಟು ಉರಿಯುತ್ತದೆ ಎಂಬುದು ವಿದ್ಯಾವತಿಗೆ ಆಗ ಗೊತ್ತಾಯಿತು. ಹೇಳಿಬಿಡೋಣ ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಪಡಸಾಲೆಯ ಆ ತುದಿಯಿಂದ ಮುನೀರಾ ಬಂದಳು.

ಎರಡು ರಾತ್ರಿ ನಿದ್ದೆಗೆಟ್ಟ ಮುಖ. ಸುದ್ದಿ ಕೇಳಿ ಬಾಣಂತಿ ಮಗಳನ್ನು ಬೀಗಿತಿಯ ಕೈಗೆ ಒಪ್ಪಿಸಿ ಮುಂಜಾನೆಯೇ ಇಲ್ಲಿಗೆ ಬಂದು, ಹುಡುಗಿಯರ ವಾಂತಿ ಬಳಿದು, ಬಟ್ಟೆ ಒಗೆದು ಹಾಕಿದ್ದಳಂತೆ. ವಿದ್ಯಾವತಿಯನ್ನು ಕಂಡು ಕೈ ಹಿಡಿದುಕೊಂಡಳು. ನಡಿ, ಮನೆ ಇಲ್ಲೇ ಇದೆ, ಹುಡುಗಿ ಹಸಿದಿದ್ದಾಳೆ ಎಂದು ಇಬ್ಬರನ್ನೂ ಕರೆದುಕೊಂಡು ಹೊರಟಳು.

ಹೀನಾಳ ಮನೆ ಎರಡು ಓಣಿ ಆಚೆಗೆ. ಬಾಗಿಲಿಗೆ ಹಳೆಯ ಸೀರೆಯ ಪರದೆ, ಒಳಗೆ ಲೋಬಾನದ ಹೊಗೆ. ಹೀನಾ ಗೋಡೆಗೆ ಒರಗಿ ನಿದ್ದೆಗೆ ಜಾರಿದ್ದಳು. ಅವಳ ಪಕ್ಕ, ಬಿಳಿಯ ಬಟ್ಟೆಯಲ್ಲಿ ಸುತ್ತಿದ ಕೂಸು, ಮುಷ್ಟಿ ಬಿಗಿಹಿಡಿದು ಮಲಗಿತ್ತು. ಹೆಣ್ಣು. ಸೃಷ್ಟಿ ಅದರ ಹತ್ತಿರ ಕುಳಿತು ಅದರ ಬೆರಳನ್ನು ಮುಟ್ಟಿ ಮುಟ್ಟಿ ನೋಡಿದಳು. ಮುನೀರಾ ಎಲ್ಲರಿಗೂ ಚಹಾ ತಂದಿಟ್ಟು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ಕಪ್ಪನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ನಂದೇ ತಪ್ಪು ವಿದ್ಯಾ" ಎಂದಳು. "ಅವತ್ತು ಕೈ ಕಡಾಯ್ದಾಗ ಇತ್ತು, ದಿಲ್ ಇಲ್ಲಿತ್ತು. ಹಸೀ ಉಳೀತೋ ಏನೋ. ಒದ್ದಿ ಶೇಂಗಾ ಇನ್ನಾ ಹೊತ್ತು ಹುರೀಬೇಕಿತ್ತು. ಫೋನ್ ಬಂದಕೂಡ್ಲೇ ಬಿಟ್ಟು ಓಡಿಬಂದೆ."

ಹಾಗಲ್ಲ ಆಪಾ ಎಂದಳು ವಿದ್ಯಾವತಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಹಂಗೇ ಅದ. ಆಫೀಸರಿಗೂ ಹೇಳೀನಿ, ಹುರದಾಕಿ ನಾನೇ, ಕೆಡಸಿದಾಕಿನೂ ನಾನೇ ಅಂತ. ನಾ ಸಂಘ ಬಿಡ್ತೀನಿ. ಹೀನಾನ ಬಾಣಂತನ ಅದ ಅಂತ ಮಂದಿಗಿ ಹೇಳಿದ್ರಾತು. ನಾ ಹೋದ್ರ ಕಡಾಯಿಗಿ ಇನ್ನೊಬ್ಬಾಕಿ ಸಿಗ್ತಾಳ. ನಿನ್ನ ಹೆಸರು ಹೋದ್ರ ಬ್ಯಾರೆ ಹೆಸರು ಎಲ್ಲಿಂದ ತರಬೇಕು? ಎಲ್ಲಾರ ಮನಿ ಒಲಿ ನಿನ್ನ ನಾಲಿಗಿ ಮ್ಯಾಲ ಉರೀತಾವ."

ವಿದ್ಯಾವತಿ ಚಹಾ ಕಪ್ಪನ್ನು ಕೆಳಗಿಟ್ಟಳು. ಈ ಹೆಂಗಸು ತನಗೆ ಶ್ರಾವಣದಲ್ಲಿ ನಾಲಿಗೆ ಕೊಟ್ಟವಳು. ಹೊರಡುವ ಗಡಿಬಿಡಿಯಲ್ಲೂ ಬಾಗಿಲಲ್ಲಿ ನಿಂತು ನೆನಪು ಮಾಡಿಕೊಟ್ಟವಳು. ನೆನಪು ಮಾಡಿದ್ದನ್ನು ತಾನೇ ಮರೆತು, ಕಡಾಯಿಯ ತಪ್ಪನ್ನು ಮಾತ್ರ ಎಣಿಸುತ್ತಿದ್ದಾಳೆ. ಆಪಾ, ಹುರಿದದ್ದು ಸರಿಯಾಗಿಯೇ ಇತ್ತು, ನಾನು ಬಾಯಿಗೆ ಹಾಕಿ ನೋಡದೆ ಕಳಿಸಿದೆ, ಆಮೇಲೆ ಕಹಿ ಎಂದು ಗೊತ್ತಾದರೂ ಸುಮ್ಮನಿದ್ದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಮಾತು ಗಂಟಲ ತನಕ ಬಂತು. ಅಲ್ಲಿ ಓಣಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು, ದೌಲಪ್ಪನವರು ನಿಂತಿದ್ದರು, ಹೆಂಡತಿಯ ನಾಲಿಗೆಯ ಬಗ್ಗೆ ಮಿಲ್ಲಿನಲ್ಲೆಲ್ಲ ಹೇಳಿಕೊಂಡು ಬರುವ ಅರುಣಕುಮಾರ ನಿಂತಿದ್ದ. ಮಾತು ಅವರನ್ನು ದಾಟಿ ಬರಲಿಲ್ಲ.

"ಏನ್ ಮಾಡೂದು ಆಪಾ, ಈ ಸಲ ಮಳಿನೇ ಹಂಗ ಹಿಡೀತು" ಎಂಬ ಮಾತು ಬಂತು.

ಮುನೀರಾ ತಲೆಯಾಡಿಸಿ ಕಣ್ಣೊರೆಸಿಕೊಂಡಳು. ಕೂಸು ನಿದ್ದೆಯಲ್ಲೇ ಕುಂಯ್‌ಗುಟ್ಟಿತು. ಮಳೆಯ ಮೇಲೆ ಹೊರಿಸಿದ ಮೇಲೆ ಎಲ್ಲ ಮುಗಿದಂತೆಯೇ. ಮಳೆ ತಿರುಗಿ ಮಾತಾಡುವುದಿಲ್ಲ, ಮುನೀರಾಳೂ ಮಾತಾಡುವುದಿಲ್ಲ. ನಾಳೆ ಆಫೀಸರು ಬರುತ್ತಾರೆ, ಹುರಿದವಳ ಹೆಸರು ಬರೆದುಕೊಳ್ಳುತ್ತಾರೆ. ಮುಂದಿನ ವಾರ ಯಾರೋ ಒಬ್ಬಳು ಕಡಾಯಿಯ ಮುಂದೆ ಕೂಡುತ್ತಾಳೆ. ತಾನು ಮತ್ತೆ ಕಣ್ಣು ಮುಚ್ಚಿ ಚಿಟಿಕೆ ಹಿಂಡಿ ನಾಲಿಗೆಯ ಮೇಲಿಟ್ಟುಕೊಂಡು ನಿಲ್ಲುತ್ತೇನೆ, ಎಲ್ಲರೂ ತನ್ನ ಮುಖವನ್ನೇ ನೋಡುತ್ತ ಕಾಯುತ್ತಾರೆ. ಅದನ್ನು ನೆನೆದಾಗ ಅವಳಿಗೆ ಆ ಕೋಣೆಯಿಂದ ಎದ್ದು ಹೊರಗೆ ಓಡಬೇಕೆನಿಸಿತು.

ತಲೆ ಎತ್ತಿದರೆ ಸೃಷ್ಟಿ ಅವಳನ್ನೇ ನೋಡುತ್ತಿದ್ದಳು.

ಸಿಟ್ಟಿನ ನೋಟವಲ್ಲ. ಗಣಿತದ ಲೆಕ್ಕ ತಪ್ಪಿದಾಗ, ನಾನು ಮಾಡಿದ್ದು ತಪ್ಪೋ ಪುಸ್ತಕದಲ್ಲಿರುವುದೇ ತಪ್ಪೋ ಎಂದು ತಾಯಿಯ ಹತ್ತಿರ ತಂದು ತೋರಿಸುವಾಗಿನ ನೋಟ. ಬೆಳಗಿನಿಂದ ಈ ಹುಡುಗಿ ಕಾದಿದ್ದಳು. ಜಡೆ ಹೆಣೆಯುವಾಗ ಕಾದಿದ್ದಳು, ಬಸ್ಸಿನಲ್ಲಿ ಕಾದಿದ್ದಳು, ಸಬಾಳ ಮಂಚದ ಹತ್ತಿರ ಕಾದಿದ್ದಳು. ಅವ್ವ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದೇ ಕಾದಿದ್ದಳು ಎಂಬುದು ವಿದ್ಯಾವತಿಗೆ ಒಮ್ಮೆಲೇ ಹೊಳೆಯಿತು. ತಾಯಿ ಕಣ್ಣಿನಲ್ಲೇ ಮಗಳಿಗೆ ಬೇಡವೆಂದಳೋ, ಬೇಡಿಕೊಂಡಳೋ, ಅಥವಾ ನೀನಾದರೂ ಕೇಳು ಎಂದಳೋ. ಅವಳಿಗೇ ಅದು ಗೊತ್ತಾಗಲಿಲ್ಲ.

ಸೃಷ್ಟಿ ಕೂಸಿನ ಮುಷ್ಟಿಯಿಂದ ತನ್ನ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಮುನೀರಾ ಖಾಲಾ ಯಾಕ ಸಂಘ ಬಿಡಬೇಕು ಅವ್ವಾ?" ಎಂದಳು. ಮುನೀರಾ ಕಪ್ಪು ತಿರುಗಿಸುವುದನ್ನು ನಿಲ್ಲಿಸಿದಳು. ಹುಡುಗಿಯ ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ಸೋಮವಾರ ಸಂಜಿಗಿ ಹಿಂಡಿ ಕಹಿ ಹತ್ತಿ ನೀ ಬಚ್ಚಲದಾಗ ಉಗುಳಿ ಬಂದಿ. ಸಬಾಗ ತಿನಬ್ಯಾಡ ಅಂತ ಯಾಕ ಹೇಳಲಿಲ್ಲ?"